ಟಿವಿ ಆನ್ ಆಗ್ತಿಲ್ವಾ? ಕರೆಂಟ್ ಎಲ್ಲಿ ನಿಂತಿದೆ ಅಂತ ಹುಡುಕೋಣ

"ಟಿವಿ ಆನ್ ಆಗ್ತಿಲ್ಲ" ಅನ್ನುವ ಒಂದೇ ಮಾತಿನ ಹಿಂದೆ ಐದಾರು ಬೇರೆ ಬೇರೆ ಕಾಯಿಲೆಗಳಿರುತ್ತವೆ. ಒಂದು ಟಿವಿಯಲ್ಲಿ ಕೆಳಗಿನ ಪುಟ್ಟ ಕೆಂಪು ದೀಪವೂ ಹತ್ತುವುದಿಲ್ಲ. ಇನ್ನೊಂದರಲ್ಲಿ ದೀಪ ಇರುತ್ತದೆ, ರಿಮೋಟ್ ಎಷ್ಟು ಒತ್ತಿದರೂ ಜಪ್ಪಯ್ಯ ಅನ್ನುವುದಿಲ್ಲ. ಮತ್ತೊಂದು ಎರಡು ಸೆಕೆಂಡ್ ಬೆಳಗಿ ಆರಿಹೋಗುತ್ತದೆ. ಇನ್ನೊಂದರಲ್ಲಿ ಮಾತು ಚೆನ್ನಾಗಿ ಕೇಳಿಸುತ್ತದೆ, ಪರದೆ ಮಾತ್ರ ಕಪ್ಪು. ಮನೆಯವರಿಗೆ ಇದೆಲ್ಲ ಒಂದೇ, "ಟಿವಿ ಹೋಯ್ತು". ರಿಪೇರಿಗೆ ಕೂತವರಿಗೆ ಹಾಗಲ್ಲ. ಒಂದೊಂದಕ್ಕೂ ಹುಡುಕಬೇಕಾದ ಜಾಗವೇ ಬೇರೆ.

ನಾನು ಹಲವು ವರ್ಷಗಳಿಂದ ಎಲ್‌ಸಿಡಿ, ಎಲ್‌ಇಡಿ ಟಿವಿಗಳನ್ನು ಬಿಚ್ಚಿ ನೋಡುತ್ತಿದ್ದೇನೆ. ಬೋರ್ಡ್ ಬದಲಿಸುವ ಆತುರಕ್ಕೆ ಬಿದ್ದು ಜನ ದುಡ್ಡು ಕಳೆದುಕೊಳ್ಳುವುದನ್ನು ತುಂಬಾ ನೋಡಿದ್ದೇನೆ. ಪವರ್ ಬೋರ್ಡ್ ಹಾಕಿಸುತ್ತಾರೆ, ಸರಿಹೋಗುವುದಿಲ್ಲ. ಮೇನ್ ಬೋರ್ಡ್ ಹಾಕಿಸುತ್ತಾರೆ, ಆಗಲೂ ಇಲ್ಲ. ಕೊನೆಗೆ ನೋಡಿದರೆ ಒಂದು ಪುಟ್ಟ ಕೆಪಾಸಿಟರ್ (ಚಾರ್ಜನ್ನು ತುಂಬಿಟ್ಟುಕೊಳ್ಳುವ ಭಾಗ) ಒಣಗಿರುತ್ತದೆ. ಪ್ಲಗ್‌ನಿಂದ ಹೊರಟ ಕರೆಂಟ್ ಪರದೆ ಬೆಳಗುವವರೆಗೆ ಒಂದು ದಾರಿಯಲ್ಲಿ, ಒಂದೊಂದೇ ನಿಲ್ದಾಣ ದಾಟಿ ಹೋಗುತ್ತದೆ. ಅದು ಎಲ್ಲಿವರೆಗೆ ಬಂದಿದೆ, ಮುಂದೆ ಎಲ್ಲಿ ಇಲ್ಲ? ಈ ಎರಡು ಜಾಗ ಗೊತ್ತಾದರೆ ದೋಷ ಅವುಗಳ ನಡುವೆಯೇ ಇರುತ್ತದೆ. ಈ ಬರಹದ ಉದ್ದಕ್ಕೂ ಮಾಡುವುದು ಇಷ್ಟೇ.

ತಿರುಪು ಮುಟ್ಟುವ ಮೊದಲು

ಸಾಕೆಟ್‌ನಲ್ಲಿ ಕರೆಂಟ್ ಇದೆಯಾ ಅಂತ ಬೇರೆ ಉಪಕರಣ ಹಾಕಿ ನೋಡಿ. ಎಕ್ಸ್‌ಟೆನ್ಶನ್ ಬೋರ್ಡ್ ಇದ್ದರೆ ಅದನ್ನು ಬಿಟ್ಟು ಗೋಡೆಯ ಸಾಕೆಟ್‌ಗೇ ಟಿವಿ ಹಾಕಿ. ವೈರಿನ ಇನ್ನೊಂದು ತುದಿ ಟಿವಿಯ ಹಿಂಬದಿಗೆ ಚುಚ್ಚುವಂಥದ್ದಾದರೆ, ಕಿತ್ತು ಮತ್ತೆ ಗಟ್ಟಿಯಾಗಿ ಒತ್ತಿ. ಎಂಟರ ಆಕಾರದ ಎರಡು ತೂತಿನ ಪ್ಲಗ್ ನೋಡಲು ಕೂತಂತೆ ಕಂಡರೂ ಒಳಗೆ ಸಡಿಲವಾಗಿರುತ್ತದೆ. ಗೋಡೆಗೆ ಹಾಕಿದ ಟಿವಿಯಲ್ಲಿ ಇದು ಜಾಸ್ತಿ.

ಆಮೇಲೆ ಟಿವಿಗೆ ಸಿಕ್ಕಿಸಿರುವ ಎಚ್‌ಡಿಎಂಐ ಕೇಬಲ್, ಪೆನ್‌ಡ್ರೈವ್, ಸೆಟ್‌ಟಾಪ್ ಬಾಕ್ಸ್ ಎಲ್ಲ ಕಿತ್ತುಬಿಡಿ. ಹೊರಗಿನ ಒಂದು ಕೆಟ್ಟ ಡಬ್ಬಿ ಟಿವಿಯನ್ನು ಏಳಲು ಬಿಡದೆ ಇರುವುದುಂಟು. ಗೋಡೆಯ ಪ್ಲಗ್ ತೆಗೆದು, ಟಿವಿಯ ಮೈಮೇಲಿನ ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಎರಡು ನಿಮಿಷ ಬಿಟ್ಟು ಮತ್ತೆ ಪ್ಲಗ್ ಹಾಕಿ. ಮೇನ್ ಬೋರ್ಡಿನ ಪ್ರೊಸೆಸರ್ ಗೊಂದಲಕ್ಕೆ ಬಿದ್ದು ನಿಂತಿದ್ದರೆ ಇಷ್ಟಕ್ಕೇ ಎದ್ದುಬಿಡುತ್ತದೆ.

ರಿಮೋಟ್ ಮೇಲೆ ಅನುಮಾನ ಇದ್ದರೆ ಫೋನಿನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟಿನ ಮೂತಿ ಅದಕ್ಕೆ ತೋರಿಸಿ ಬಟನ್ ಒತ್ತಿ. ಇನ್‌ಫ್ರಾರೆಡ್ ಬೆಳಕು ಕಣ್ಣಿಗೆ ಕಾಣದು, ಕ್ಯಾಮೆರಾದಲ್ಲಿ ನೇರಳೆಯಂತೆ ಮಿನುಗುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಎಷ್ಟೋ ಸಲ ಕಾಣುವುದಿಲ್ಲ, ಅದರಲ್ಲಿ ಆ ಬೆಳಕನ್ನು ತಡೆಯುವ ಫಿಲ್ಟರ್ ಇರುತ್ತದೆ. ಬ್ಲೂಟೂತ್ ರಿಮೋಟ್‌ಗಳಿಗೆ ಈ ಪರೀಕ್ಷೆಯನ್ನು ನಂಬಬೇಡಿ, ಟಿವಿಯ ಮೈಮೇಲಿನ ಬಟನ್ ಒತ್ತಿಯೇ ನೋಡಿ.

ದೀಪ ಏನು ಹೇಳುತ್ತಿದೆ?

ಈಗ ಸ್ಟ್ಯಾಂಡ್‌ಬೈ ದೀಪ, ಅಂದರೆ ಟಿವಿ ಆಫ್ ಇದ್ದಾಗಲೂ ಉರಿಯುವ ಆ ಪುಟ್ಟ ಕೆಂಪು ದೀಪ ನೋಡಿ. ಟಿವಿಯಲ್ಲಿ ಇಷ್ಟು ಮಾಹಿತಿ ಕೊಡುವ ಭಾಗ ಇನ್ನೊಂದಿಲ್ಲ.

ದೀಪವೇ ಇಲ್ಲ ಅಂದರೆ ಸ್ಟ್ಯಾಂಡ್‌ಬೈ ವೋಲ್ಟೇಜ್ ಹುಟ್ಟುತ್ತಿಲ್ಲ, ಅಥವಾ ಹುಟ್ಟಿದ್ದನ್ನು ಯಾವುದೋ ಶಾರ್ಟ್ ಎಳೆದು ಬೀಳಿಸುತ್ತಿದೆ. ದೀಪ ಸುಮ್ನೆ ಉರಿಯುತ್ತಿದೆ, ಬಟನ್ ಒತ್ತಿದರೂ ಬದಲಾಗುವುದಿಲ್ಲ ಅಂದರೆ ಬಟನ್ನಿನ ಸುದ್ದಿ ಪ್ರೊಸೆಸರ್‌ಗೆ ತಲುಪುತ್ತಿಲ್ಲ, ಇಲ್ಲವೇ ಪ್ರೊಸೆಸರೇ ಎಚ್ಚರವಾಗಿಲ್ಲ. ಬಟನ್ ಒತ್ತಿದಾಗ ದೀಪ ಬಣ್ಣ ಬದಲಿಸಿ ಅಥವಾ ಆರಿ, ಆಮೇಲೆ ಏನೂ ಆಗದಿದ್ದರೆ ಆಜ್ಞೆ ಹೋಗಿದೆ, ಮುಂದಿನ ವೋಲ್ಟೇಜ್ ಬಂದಿಲ್ಲ. ದೀಪ ಲೆಕ್ಕ ಇಟ್ಟ ಹಾಗೆ ಮಿಟುಕುತ್ತಿದ್ದರೆ, ಅಂದರೆ ಇಷ್ಟು ಸಲ ಮಿಟುಕಿ, ಸ್ವಲ್ಪ ನಿಂತು, ಮತ್ತೆ ಅಷ್ಟೇ ಸಲ ಮಿಟುಕಿದರೆ, ಟಿವಿಯೇ ತನ್ನ ದೋಷದ ಸಂಖ್ಯೆ ಹೇಳುತ್ತಿದೆ. ಎಣಿಸಿ ಬರೆದಿಟ್ಟುಕೊಳ್ಳಿ. ಆ ಸಂಖ್ಯೆಯ ಅರ್ಥ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಬಿಟ್ಟು ಬೇರೆ ಪಟ್ಟಿ ನಂಬಬೇಡಿ.

ಟಿವಿ ಆನ್ ಆಗುತ್ತಿದೆ, ಕತ್ತಲು ಮಾತ್ರ ಅನ್ನಿಸಿದರೆ ಕೋಣೆಯ ದೀಪ ಆರಿಸಿ. ಟಾರ್ಚನ್ನು ಪರದೆಗೆ ಹತ್ತಿರ ಹಿಡಿದು ಓರೆಯಾಗಿ ಬೆಳಕು ಬಿಡಿ. ಮಸುಕಾಗಿ ಮೆನುವೋ ಮುಖವೋ ಕಂಡರೆ ಟಿವಿ ಜೀವಂತವಾಗಿದೆ, ಹೋಗಿರುವುದು ಬ್ಯಾಕ್‌ಲೈಟ್, ಅಂದರೆ ಪರದೆಯನ್ನು ಹಿಂದಿನಿಂದ ಬೆಳಗುವ ದೀಪ.

ಹಿಂಬದಿ ತೆಗೆಯುವವರು ಇದನ್ನು ಓದಲೇಬೇಕು

ಪವರ್ ಬೋರ್ಡಿನ ಮೇಲೆ ದಪ್ಪ ಕೆಪಾಸಿಟರ್ ಒಂದಿರುತ್ತದೆ. ಸಾಮಾನ್ಯವಾಗಿ 400 ಅಥವಾ 450 ವೋಲ್ಟಿನದು. ಪ್ಲಗ್ ಕಿತ್ತ ಮೇಲೂ ಅದರಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು. ಫ್ಯೂಸ್ ಸುಟ್ಟ ಟಿವಿಯಲ್ಲಿ ಅದು ಖಾಲಿ ಅಂದುಕೊಳ್ಳಬೇಡಿ. ಕೆಲಸ ಮಾಡದ ಬೋರ್ಡಿನಲ್ಲಿ ಆ ಚಾರ್ಜನ್ನು ತಿನ್ನುವವರೇ ಇರುವುದಿಲ್ಲ, ಹಾಗಾಗಿ ಕೆಟ್ಟ ಬೋರ್ಡಿನಲ್ಲೇ ಅದು ಹೆಚ್ಚು ಹೊತ್ತು ಕೂತಿರುತ್ತದೆ.

ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಅಭ್ಯಾಸ ಬೇಡ. 10 ಕಿಲೋ ಓಮ್, 10 ವ್ಯಾಟಿನ ರೆಸಿಸ್ಟರ್‌ಗೆ ಎರಡು ವೈರ್ ಬೆಸೆದು, ಬೆಸುಗೆಯ ಮೇಲೆ ಸ್ಲೀವ್ (ಕರೆಂಟ್ ತಡೆಯುವ ಪ್ಲಾಸ್ಟಿಕ್ ಕೊಳವೆ) ಹಾಕಿ ಒಂದು ಸಾಧನ ಮಾಡಿಟ್ಟುಕೊಳ್ಳಿ. ಕೆಪಾಸಿಟರಿನ ಎರಡು ಕಾಲಿಗೆ ಹತ್ತು ಸೆಕೆಂಡ್ ಹಿಡಿದರೆ 100 ಮೈಕ್ರೋಫ್ಯಾರಡ್ ಖಾಲಿಯಾಗುತ್ತದೆ. ಆಮೇಲೂ ಮಲ್ಟಿಮೀಟರ್ ಇಟ್ಟು ಅಳೆಯಿರಿ. 5 ವೋಲ್ಟಿಗಿಂತ ಕೆಳಗೆ ಇಳಿದಿದ್ದು ಕಣ್ಣಾರೆ ಕಂಡ ಮೇಲೆ ಬೋರ್ಡ್ ಮುಟ್ಟಿ.

ಕರೆಂಟ್ ಕೊಟ್ಟು ಅಳೆಯುವಾಗ ನಾನು ಬಿಡದೆ ಪಾಲಿಸುವ ಕ್ರಮ ಇದು. ಪ್ಲಗ್ ತೆಗೆದಿರುವಾಗಲೇ ಕಪ್ಪು ಪ್ರೋಬನ್ನು ಕ್ಲಿಪ್‌ನಿಂದ ಕಚ್ಚಿಸುತ್ತೇನೆ. ಆಮೇಲೆ ಪ್ಲಗ್ ಹಾಕಿ, ಒಂದು ಕೈ ಹಿಂದಕ್ಕೆ ಇಟ್ಟುಕೊಂಡು, ಇನ್ನೊಂದು ಕೈಯಿಂದ ಕೆಂಪು ಪ್ರೋಬ್ ಮಾತ್ರ ಇಡುತ್ತೇನೆ. ಎರಡು ಕೈಯೂ ಬೋರ್ಡಿನ ಮೇಲಿದ್ದಾಗ ಶಾಕ್ ಹೊಡೆದರೆ ಅದು ಎದೆಯ ಮೂಲಕ ಹಾಯುತ್ತದೆ.

ಮೇನ್ಸ್ ಕರೆಂಟಿನ, ಅಂದರೆ ಗೋಡೆಯ ಸಾಕೆಟ್‌ನಿಂದ ಬರುವ ಕರೆಂಟಿನ ಜತೆ ಕೆಲಸ ಮಾಡಿ ಗೊತ್ತಿಲ್ಲದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಮೇಲೆ ಹೇಳಿದ ಪರೀಕ್ಷೆಗಳ ಫಲಿತಾಂಶ ಒಂದು ಚೀಟಿಯಲ್ಲಿ ಬರೆದು ಮೆಕ್ಯಾನಿಕ್‌ಗೆ ಕೊಡಿ, ಅವರ ಅರ್ಧ ಕೆಲಸ ಮುಗಿದಂತೆ. ಹಳೆಯ ಪಿಕ್ಚರ್ ಟ್ಯೂಬಿನ ಟಿವಿಯಾದರೆ ಅನುಭವ ಇಲ್ಲದೆ ತೆರೆಯಲೇಬೇಡಿ. ಆ ಟ್ಯೂಬಿನಲ್ಲಿ 20,000 ವೋಲ್ಟಿಗೂ ಮೀರಿದ ಚಾರ್ಜ್ ಉಳಿದಿರಬಹುದು.

ಮೊದಲು ಕಣ್ಣು, ಮೂಗು

ಮುಚ್ಚಳ ತೆಗೆದ ಕೂಡಲೇ ಮೀಟರ್ ಹಿಡಿಯಬೇಡಿ. ಒಂದು ಒಳ್ಳೆಯ ಬೆಳಕು ತಂದು ಐದು ನಿಮಿಷ ನೋಡಿ. ಮೂರು ಬೋರ್ಡ್ ಕಾಣಿಸುತ್ತವೆ. ಮೇನ್ಸ್ ವೈರ್ ಬಂದು ಸೇರುವುದು ಪವರ್ ಬೋರ್ಡ್. ಎಚ್‌ಡಿಎಂಐ ಕಿಂಡಿಗಳಿರುವುದು ಮೇನ್ ಬೋರ್ಡ್. ಪರದೆಗೆ ಚಪ್ಪಟೆ ರಿಬ್ಬನ್ ಹೋಗುವ ಸಪೂರ ಬೋರ್ಡ್ ಟೀಕಾನ್. ಚಿಕ್ಕ ಟಿವಿಗಳಲ್ಲಿ ಎಲ್ಲವೂ ಒಂದೇ ಬೋರ್ಡಿನಲ್ಲಿ ಇರುವುದೂ ಉಂಟು.

ಸುಟ್ಟ ವಾಸನೆ ಎಲ್ಲಿಂದ ಬರುತ್ತಿದೆ? ಬೋರ್ಡ್ ಎಲ್ಲಾದರೂ ಕಂದು ಬಣ್ಣಕ್ಕೆ ತಿರುಗಿದೆಯಾ? ಕೆಪಾಸಿಟರ್‌ಗಳ ತಲೆ ನೋಡಿ. ಚೆನ್ನಾಗಿರುವುದರ ತಲೆ ತಟ್ಟೆಯಂತೆ ಸಮತಟ್ಟು. ಕೆಟ್ಟದ್ದು ಉಬ್ಬಿರುತ್ತದೆ, ಬೆರಳ ತುದಿ ಸವರಿದರೆ ತಿಳಿಯುತ್ತದೆ. ತಲೆ ಬಿರಿದು ಕಂದು ಪುಡಿ ಬಂದಿದ್ದರೆ ಅನುಮಾನವೇ ಬೇಡ. ಹಲ್ಲಿ, ಇರುವೆ, ಜಿರಲೆ ಬೋರ್ಡಿನ ಮೇಲೆ ಸತ್ತು ಶಾರ್ಟ್ ಆಗಿರುವುದನ್ನೂ ನೋಡಿದ್ದೇನೆ. ದೊಡ್ಡ ಟ್ರಾನ್ಸ್‌ಫಾರ್ಮರ್ ಮತ್ತು ಬಿಸಿ ಹೀರುವ ಲೋಹದ ಹೀಟ್‌ಸಿಂಕಿನ ಕಾಲುಗಳ ಬೆಸುಗೆಯಲ್ಲಿ ಸುತ್ತ ಉಂಗುರದಂತೆ ಬಿರುಕು ಬಿಟ್ಟಿದೆಯಾ ಅಂತ ಬೋರ್ಡ್ ತಿರುಗಿಸಿ ನೋಡಿ. ಬಿಸಿಯಾಗಿ ತಣ್ಣಗಾಗಿ ವರ್ಷಗಟ್ಟಲೆ ದುಡಿದ ಬೆಸುಗೆ ಹಾಗೆ ಬಿಡುತ್ತದೆ.

ಫ್ಯೂಸ್

ಪ್ಲಗ್ ತೆಗೆದು, ಕೆಪಾಸಿಟರ್ ಖಾಲಿ ಮಾಡಿ, ಮೀಟರನ್ನು ಬೀಪ್‌ಗೆ ಇಟ್ಟು ಫ್ಯೂಸಿನ ಎರಡು ತುದಿ ಮುಟ್ಟಿಸಿ. ಬೀಪ್ ಬಂದರೆ ಫ್ಯೂಸ್ ಸರಿ, ಮುಂದಿನ ಭಾಗಕ್ಕೆ ಹೋಗಿ.

ಬೀಪ್ ಬರಲಿಲ್ಲ ಅಂದರೆ ಗಾಜಿನೊಳಗೆ ನೋಡಿ. ತಂತಿ ನಡುವೆ ಮೆಲ್ಲಗೆ ತುಂಡಾಗಿ ಗಾಜು ಸ್ವಚ್ಛವಾಗಿದ್ದರೆ ವಯಸ್ಸಾಗಿಯೋ, ಒಂದು ಚಿಕ್ಕ ಏರಿಳಿತಕ್ಕೋ ಹೋಗಿರಬಹುದು. ಗಾಜು ಕಪ್ಪಾಗಿ ಅಥವಾ ಬೆಳ್ಳಿ ಬಳಿದ ಹಾಗೆ ಆಗಿದ್ದರೆ ಮುಂದೆ ಬಲವಾದ ಶಾರ್ಟ್ ಇದೆ. ಅಂಥ ಕಡೆ ಹೊಸ ಫ್ಯೂಸ್ ಹಾಕಿದರೆ ಅದೂ ಆ ಕ್ಷಣವೇ ಹೋಗುತ್ತದೆ. ಫ್ಯೂಸ್ ಜಾಗದಲ್ಲಿ ತಂತಿ ಹಾಕುವುದಂತೂ ಬೆಂಕಿಗೆ ಆಹ್ವಾನ.

ಶಾರ್ಟ್ ಎಲ್ಲಿರಬಹುದು? ಫ್ಯೂಸಿನ ಪಕ್ಕದಲ್ಲೇ ಬಿಲ್ಲೆಯ ಆಕಾರದ ವೇರಿಸ್ಟರ್ ಇರುತ್ತದೆ. ಸಿಡಿಲು ಹೊಡೆದಾಗ, ವೋಲ್ಟೇಜ್ ವಿಪರೀತ ಏರಿದಾಗ ತಾನು ಶಾರ್ಟ್ ಆಗಿ, ಫ್ಯೂಸನ್ನು ಸುಡಿಸಿ, ಉಳಿದ ಬೋರ್ಡನ್ನು ಕಾಪಾಡುವುದು ಅದರ ಕೆಲಸ. ಬಿರುಕು ಬಿಟ್ಟಿದ್ದರೆ ಅದನ್ನೂ ಫ್ಯೂಸನ್ನೂ ಬದಲಿಸಿದರೆ ಸಾಕಾಗಬಹುದು. ಮುಂದಿನದು ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್. ಮೀಟರನ್ನು ಡಯೋಡ್ ಗುರುತಿಗೆ ಇಟ್ಟು ಅಳೆದರೆ ಒಳಗಿನ ಒಂದೊಂದು ಡಯೋಡೂ ಒಂದು ದಿಕ್ಕಿನಲ್ಲಿ ಸುಮಾರು 0.4 ರಿಂದ 0.7 ತೋರಿಸಬೇಕು, ಇನ್ನೊಂದು ದಿಕ್ಕಿನಲ್ಲಿ ಏನೂ ತೋರಿಸಬಾರದು. ಎರಡೂ ಕಡೆ ಸೊನ್ನೆಯ ಹತ್ತಿರ ಬಂದರೆ ಅದು ಹೋಗಿದೆ.

ಆಮೇಲೆ ಹೀಟ್‌ಸಿಂಕಿಗೆ ಬಿಗಿದ ಮೂರು ಕಾಲಿನ ಮಾಸ್‌ಫೆಟ್‌ಗಳು, ಅಂದರೆ ಕರೆಂಟನ್ನು ವೇಗವಾಗಿ ಆನ್ ಆಫ್ ಮಾಡುವ ಸ್ವಿಚ್‌ಗಳು. ಮೂರು ಕಾಲುಗಳ ಹೆಸರು ಗೇಟ್, ಡ್ರೇನ್, ಸೋರ್ಸ್. ಡ್ರೇನ್, ಸೋರ್ಸ್ ನಡುವೆ ಎರಡೂ ದಿಕ್ಕಿನಲ್ಲಿ ಬೀಪ್ ಬಂದರೆ ಶಾರ್ಟ್ ಆಗಿದೆ. ಇಲ್ಲಿ ಹೊಸಬರು ಎಡವುತ್ತಾರೆ. ಮಾಸ್‌ಫೆಟ್ ಒಂದನ್ನೇ ಬದಲಿಸಿ ಕರೆಂಟ್ ಕೊಡುತ್ತಾರೆ, ಹೊಸದೂ ಪಟ್ ಅಂತ ಹೋಗುತ್ತದೆ. ಸೋರ್ಸ್ ಕಾಲಿನಿಂದ ಹೋಗುವ ಒಂದು ಓಮ್‌ಗಿಂತ ಕಡಿಮೆಯ ರೆಸಿಸ್ಟರ್, ಗೇಟಿಗೆ ಬರುವ ರೆಸಿಸ್ಟರ್, ಅದನ್ನು ಓಡಿಸುವ ಚಿಪ್, ಈ ಮೂರನ್ನೂ ನೋಡದೆ ಹೊಸ ಮಾಸ್‌ಫೆಟ್ ಹಾಕಬೇಡಿ. ಹಳೆಯದು ಸಾಯುವಾಗ ಇವನ್ನೂ ಜತೆಗೆ ಎಳೆದುಕೊಂಡು ಹೋಗಿರುತ್ತದೆ.

ಹೊಸ ಫ್ಯೂಸ್ ಹಾಕಿ ಮೊದಲ ಸಲ ಕರೆಂಟ್ ಕೊಡುವಾಗ ಸರಣಿಯಲ್ಲಿ 60 ಅಥವಾ 100 ವ್ಯಾಟಿನ ಹಳೆಯ ತಂತಿ ಬಲ್ಬ್ ಇಡಿ. ಎಲ್‌ಇಡಿ ಬಲ್ಬ್ ಇದಕ್ಕೆ ಆಗದು. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಕೆಪಾಸಿಟರ್ ತುಂಬಿಕೊಂಡಿದೆ, ಶಾರ್ಟ್ ಇಲ್ಲ. ಪೂರ್ತಿ ಬೆಳಗಿ ಹಾಗೇ ಉಳಿದರೆ ಶಾರ್ಟ್ ಇನ್ನೂ ಇದೆ. ಬಲ್ಬ್ ಉರಿಯಿತು, ಬೋರ್ಡ್ ಉಳಿಯಿತು. ಫ್ಯೂಸ್ ಕೊಳ್ಳುವಾಗ ಅದೇ ಆಂಪಿಯರ್, ಅದೇ 250 ವೋಲ್ಟ್, ಹಳೆಯದರ ಮೇಲೆ ಟಿ ಅಕ್ಷರ ಇದ್ದರೆ ಹೊಸದರ ಮೇಲೂ ಟಿ ಇರಲಿ. ಟಿ ಅಂದರೆ ನಿಧಾನಕ್ಕೆ ಕರಗುವಂಥದ್ದು. ಬೇಗ ಕರಗುವುದನ್ನು ಹಾಕಿದರೆ ಆನ್ ಮಾಡಿದ ಮೊದಲ ನೂಕಿಗೇ ಹೋಗುತ್ತದೆ.

ದೊಡ್ಡ ಕೆಪಾಸಿಟರ್‌ವರೆಗೆ ಬಂದಿದೆಯಾ?

ಫ್ಯೂಸ್ ಸರಿ ಇದ್ದು ದೀಪ ಇಲ್ಲದಿದ್ದರೆ ಮುಂದಿನ ನಿಲ್ದಾಣ ಆ ದಪ್ಪ ಕೆಪಾಸಿಟರ್. ಮೀಟರನ್ನು ಡಿಸಿ 600 ವೋಲ್ಟಿಗೋ ಅದಕ್ಕೂ ಮೇಲೋ ಇಡಿ. ಮೇನ್ಸ್ 230 ವೋಲ್ಟ್ ಇರುವಲ್ಲಿ ಸುಮಾರು 325 ಬರಬೇಕು, 120 ಇರುವಲ್ಲಿ ಸುಮಾರು 170. ಮೇನ್ಸಿನ ಅಂಕಿಯನ್ನು 1.414 ರಿಂದ ಗುಣಿಸಿದರೆ ಬರುವ ಲೆಕ್ಕ ಇದು. ಟಿವಿ ಪೂರ್ತಿ ಆನ್ ಆದ ಮೇಲೆ ಪಿಎಫ್‌ಸಿ (ಮೇನ್ಸಿನಿಂದ ಕರೆಂಟನ್ನು ಹದವಾಗಿ ಎಳೆದು ಈ ವೋಲ್ಟೇಜನ್ನು ಏರಿಸುವ) ಭಾಗ ಇರುವ ಬೋರ್ಡುಗಳಲ್ಲಿ ಇದೇ ಜಾಗದಲ್ಲಿ 380 ರಿಂದ 400 ಕಾಣುತ್ತದೆ, ಗಾಬರಿ ಬೇಡ.

ಕಪ್ಪು ಪ್ರೋಬ್ ಎಲ್ಲಿಡಬೇಕು ಅನ್ನುವುದರಲ್ಲಿ ತುಂಬಾ ಜನ ತಪ್ಪುತ್ತಾರೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪವರ್ ಬೋರ್ಡನ್ನು ತಿರುಗಿಸಿ ನೋಡಿದರೆ ನಡುವೆ ತಾಮ್ರವೇ ಇಲ್ಲದ ಒಂದು ಖಾಲಿ ಪಟ್ಟೆ ಕಾಣಿಸುತ್ತದೆ, ಎಷ್ಟೋ ಬೋರ್ಡುಗಳಲ್ಲಿ ದಪ್ಪ ಗೆರೆಯನ್ನೂ ಎಳೆದಿರುತ್ತಾರೆ. ಆ ಪಟ್ಟೆಯ ಈಚೆ ಮೇನ್ಸಿಗೆ ನೇರವಾಗಿ ಅಂಟಿಕೊಂಡ ಬಿಸಿ ಬದಿ. ಆಚೆ ಮೇನ್ಸಿನಿಂದ ಬೇರ್ಪಟ್ಟ ತಣ್ಣನೆ ಬದಿ. ಎರಡನ್ನೂ ದಾಟಿ ಕೂತಿರುವುದು ಟ್ರಾನ್ಸ್‌ಫಾರ್ಮರ್, ಬೆಳಕಿನ ಮೂಲಕ ಸಂಕೇತ ದಾಟಿಸುವ ನಾಲ್ಕು ಕಾಲಿನ ಆಪ್ಟೋಕಪ್ಲರ್ ಮತ್ತು ಸುರಕ್ಷತೆಗೆ ಇಟ್ಟ ಒಂದೆರಡು ಪುಟ್ಟ ಕೆಪಾಸಿಟರ್ ಮಾತ್ರ. ಬಿಸಿ ಬದಿಯಲ್ಲಿ ಅಳೆಯುವಾಗ ಕಪ್ಪು ಪ್ರೋಬ್ ದೊಡ್ಡ ಕೆಪಾಸಿಟರಿನ ಮೈನಸ್ ಕಾಲಿಗೆ. ತಣ್ಣನೆ ಬದಿಯಲ್ಲಿ ಅಳೆಯುವಾಗ ಟಿವಿಯ ಲೋಹದ ಚೌಕಟ್ಟಿಗೆ. ಇದನ್ನು ಅದಲು ಬದಲು ಮಾಡಿದರೆ ಅರ್ಥವಿಲ್ಲದ ಅಂಕಿ ಬರುತ್ತದೆ, ಚೆನ್ನಾಗಿರುವ ಭಾಗವನ್ನು ಕೆಟ್ಟಿದೆ ಅಂದುಕೊಳ್ಳುತ್ತೀರಿ. ಎರಡೂ ಬದಿಯನ್ನು ವೈರಿನಿಂದ ಸೇರಿಸಲೇಬೇಡಿ.

325 ಬರಲಿಲ್ಲ, ಫ್ಯೂಸ್ ಮಾತ್ರ ಸರಿ ಇದೆ ಅಂದರೆ ಫ್ಯೂಸಿನಿಂದ ಇಲ್ಲಿಗೆ ಬರುವ ದಾರಿಯಲ್ಲಿ ತುಂಡಾಗಿದೆ. ಎನ್‌ಟಿಸಿ ಥರ್ಮಿಸ್ಟರ್ (ಆನ್ ಮಾಡಿದ ಮೊದಲ ನೂಕನ್ನು ತಗ್ಗಿಸುವ ಭಾಗ), ಸುರುಳಿಯ ಬೆಸುಗೆ, ಬ್ರಿಡ್ಜ್, ಇವನ್ನು ಹಿಂದಕ್ಕೆ ಹಿಂದಕ್ಕೆ ಅಳೆಯುತ್ತ ಹೋಗಿ.

325 ಇದೆ, 5 ವೋಲ್ಟ್ ಇಲ್ಲ

ದೀಪವೇ ಬಾರದ ಟಿವಿಗಳಲ್ಲಿ ನನಗೆ ಜಾಸ್ತಿ ಸಿಗುವುದು ಇದು.

ಸ್ಟ್ಯಾಂಡ್‌ಬೈ ವೋಲ್ಟೇಜ್ ಬಹುತೇಕ ಬೋರ್ಡುಗಳಲ್ಲಿ 5 ವೋಲ್ಟ್, ಕೆಲವದರಲ್ಲಿ 3.3. ಮೇನ್ ಬೋರ್ಡಿಗೆ ಹೋಗುವ ಕನೆಕ್ಟರಿನ ಪಕ್ಕದಲ್ಲಿ ಒಂದೊಂದು ಪಿನ್ನಿನ ಹೆಸರನ್ನೂ ಅಚ್ಚು ಹಾಕಿರುತ್ತಾರೆ. ಅಲ್ಲಿ ಸೊನ್ನೆ ಬಂದರೆ ಮೊದಲು ಪ್ಲಗ್ ತೆಗೆದು ಆ ಕನೆಕ್ಟರ್ ಕಿತ್ತು, ಪವರ್ ಬೋರ್ಡನ್ನು ಒಂಟಿಯಾಗಿ ಬಿಟ್ಟು ಮತ್ತೆ ಅಳೆಯಿರಿ. ಈಗ 5 ಬಂತಾ? ಹಾಗಾದರೆ ಹೆಚ್ಚಾಗಿ ಪವರ್ ಬೋರ್ಡ್ ನಿರಪರಾಧಿ, ಮೇನ್ ಬೋರ್ಡಿನಲ್ಲಿ ಎಲ್ಲೋ ಶಾರ್ಟ್ ಇದೆ. ಕನೆಕ್ಟರ್ ಇದ್ದಾಗ ಟಿಕ್ ಟಿಕ್ ಅನ್ನುವ ಸದ್ದು ಬಂದು, ಕಿತ್ತ ಮೇಲೆ ನಿಂತರೆ ಅದೂ ಇದನ್ನೇ ಹೇಳುತ್ತದೆ.

ಒಂಟಿಯಾಗಿ ಬಿಟ್ಟರೂ 5 ಬರಲಿಲ್ಲ ಅಂದರೆ ಆ 5 ವೋಲ್ಟ್ ಹುಟ್ಟಿಸುವ ಸ್ಟ್ಯಾಂಡ್‌ಬೈ ಚಿಪ್ ಕಡೆ ತಿರುಗಿ. ಈ ಚಿಪ್ ಏಳಲು ಸ್ವಲ್ಪ ಕರೆಂಟ್ ಬೇಕು. ಅದು 325 ರಿಂದ ದೊಡ್ಡ ಬೆಲೆಯ ರೆಸಿಸ್ಟರ್‌ಗಳ ಮೂಲಕ ತೊಟ್ಟಿಕ್ಕಿ ಬಂದು ಒಂದು ಪುಟ್ಟ ಕೆಪಾಸಿಟರನ್ನು ತುಂಬುತ್ತದೆ. ಕೆಲವು ಚಿಪ್‌ಗಳಲ್ಲಿ ಆ ದಾರಿ ಚಿಪ್ಪಿನ ಒಳಗೇ ಇರುತ್ತದೆ. ತುಂಬಿದ ಕೂಡಲೇ ಚಿಪ್ ಎದ್ದು ಓಡಲು ಶುರು ಮಾಡುತ್ತದೆ, ಆಮೇಲೆ ಟ್ರಾನ್ಸ್‌ಫಾರ್ಮರಿನಿಂದಲೇ ಅದಕ್ಕೆ ಊಟ ಸಿಗುತ್ತದೆ. ಕೆಪಾಸಿಟರ್ ಒಣಗಿದ್ದರೆ ಚಿಪ್ ಏಳುವಷ್ಟರಲ್ಲಿ ವೋಲ್ಟೇಜ್ ಕುಸಿದುಬಿಡುತ್ತದೆ. ಮತ್ತೆ ತುಂಬುತ್ತದೆ, ಮತ್ತೆ ಕುಸಿಯುತ್ತದೆ.

ಈಚೆಗೆ ನನ್ನ ಮೇಜಿಗೆ ಬಂದ 32 ಇಂಚಿನ ಟಿವಿಯ ಕತೆ ಹೀಗೇ ಇತ್ತು. ಏಳು ವರ್ಷ ಪ್ಲಗ್ ಕೀಳದೆ ಓಡಿದ ಟಿವಿ. ಒಂದು ದಿನ ನಾಲ್ಕು ಗಂಟೆ ಕರೆಂಟ್ ಹೋಗಿ ಬಂತು, ಟಿವಿ ಮಾತ್ರ ಏಳಲಿಲ್ಲ. "ಕರೆಂಟ್ ಬಂದಾಗ ಜೋರಾಗಿ ಬಂದು ಸುಟ್ಟುಹೋಗಿದೆ" ಅಂತ ಮನೆಯವರು ಅಂದುಕೊಂಡಿದ್ದರು. ಫ್ಯೂಸ್ ಸರಿ ಇತ್ತು. ದೊಡ್ಡ ಕೆಪಾಸಿಟರಿನ ಮೇಲೆ 322 ಬಂತು. 5 ವೋಲ್ಟಿನ ಪಿನ್ನಿನಲ್ಲಿ ಸೊನ್ನೆ. ಚಿಪ್ಪಿನ ಊಟದ ಪಿನ್ನಿಗೆ ಪ್ರೋಬ್ ಇಟ್ಟೆ. ಅಂಕಿ ಏರುತ್ತ ಹೋಗಿ ಥಟ್ ಅಂತ ಬಿತ್ತು. ಮತ್ತೆ ಏರಿತು, ಮತ್ತೆ ಬಿತ್ತು. ಪಕ್ಕದಲ್ಲೇ ಹೀಟ್‌ಸಿಂಕಿಗೆ ಒರಗಿಕೊಂಡು ಕಡಲೆಕಾಯಿ ಬೀಜದಷ್ಟು ದೊಡ್ಡದೊಂದು ಕೆಪಾಸಿಟರ್ ಇತ್ತು, 22 ಮೈಕ್ರೋಫ್ಯಾರಡ್, 50 ವೋಲ್ಟ್. ತಲೆ ಉಬ್ಬಿರಲಿಲ್ಲ, ಹೊಸದರಂತೆ ಹೊಳೆಯುತ್ತಿತ್ತು. ಬಿಚ್ಚಿ ಅಳೆದಾಗ ಉಳಿದಿದ್ದು 4 ಮೈಕ್ರೋಫ್ಯಾರಡ್. ಹೊಸದು ಬೆಸೆದು ಪ್ಲಗ್ ಹಾಕಿದಾಗ ಕೆಂಪು ದೀಪ ಬಂತು.

ಕರೆಂಟ್ ಜೋರಾಗಿ ಬಂದು ಸುಟ್ಟದ್ದಲ್ಲ ಅದು. ಆ ಕೆಪಾಸಿಟರ್ ತಿಂಗಳುಗಟ್ಟಲೆ ಮುಂಚೆಯೇ ಒಣಗಿತ್ತು. ಓಡುತ್ತಿರುವ ಚಿಪ್ಪಿಗೆ ಅದರ ಅಗತ್ಯ ಕಡಿಮೆ, ನಿಂತು ಮತ್ತೆ ಏಳುವಾಗ ಮಾತ್ರ ಜಾಸ್ತಿ. ಹಾಗಾಗಿ "ಕರೆಂಟ್ ಹೋಗಿ ಬಂದ ಮೇಲೆ ಏಳಲಿಲ್ಲ" ಅಂತ ಯಾರಾದರೂ ಹೇಳಿದರೆ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಉಬ್ಬದ ಕೆಪಾಸಿಟರ್ ಚೆನ್ನಾಗಿದೆ ಅಂದುಕೊಳ್ಳಬಾರದು ಅನ್ನುವುದಕ್ಕೂ ಇದೇ ಸಾಕ್ಷಿ. ಹೇರ್ ಡ್ರೈಯರ್‌ನಿಂದ ಅದನ್ನು ಸ್ವಲ್ಪ ಬಿಸಿ ಮಾಡಿದಾಗ ಟಿವಿ ಎದ್ದರೆ ರೋಗ ಅಲ್ಲೇ ಇದೆ. ಪ್ಲಗ್ ತೆಗೆದು ಬಿಸಿ ಮಾಡಿ, ಆಮೇಲೆ ಪ್ಲಗ್ ಹಾಕಿ.

ಇದು ಸರಿ ಇದ್ದರೆ ಶುರುವಿನ ರೆಸಿಸ್ಟರ್‌ಗಳ ಒಂದು ಕಾಲು ಬಿಚ್ಚಿ ಅಳೆಯಿರಿ. ಬೋರ್ಡಿನ ಮೇಲೆ ಇಟ್ಟೇ ಅಳೆದರೆ ಸರಿಯಾದ ಬೆಲೆ ಸಿಗದು. ಆಮೇಲೆ ತಣ್ಣನೆ ಬದಿಯ ಡಯೋಡ್ ಶಾರ್ಟ್ ಆಗಿದೆಯಾ ನೋಡಿ. ಕೊನೆಗೆ ಆಪ್ಟೋಕಪ್ಲರ್, ಅದರ ಜತೆಗಿದ್ದು ವೋಲ್ಟೇಜನ್ನು ಹದದಲ್ಲಿಡುವ ಟಿಎಲ್ 431 ಚಿಪ್.

ದೀಪ ಇದೆ, ಟಿವಿ ಏಳುತ್ತಿಲ್ಲ

ಇಲ್ಲಿ ಕೇಳಬೇಕಾದ್ದು, ಮೇನ್ ಬೋರ್ಡ್ "ಪೂರ್ತಿ ಕರೆಂಟ್ ಕೊಡು" ಅಂತ ಆಜ್ಞೆ ಕಳಿಸುತ್ತಿದೆಯಾ? ಕನೆಕ್ಟರಿನಲ್ಲಿ ಪಿಎಸ್ ಆನ್ ಅಥವಾ ಪಿ ಆನ್ ಅಂತ ಬರೆದ ಪಿನ್ ಇರುತ್ತದೆ. ಅದರ ಮೇಲೆ ಪ್ರೋಬ್ ಇಟ್ಟು ಪವರ್ ಬಟನ್ ಒತ್ತಿಸಿ. ಹೆಚ್ಚಿನ ಟಿವಿಗಳಲ್ಲಿ ಸೊನ್ನೆಯಿಂದ ಸುಮಾರು 3 ವೋಲ್ಟಿಗೆ ಏರುತ್ತದೆ, ಕೆಲವದರಲ್ಲಿ ಉಲ್ಟಾ. ಬದಲಾಯಿತು, 12 ವೋಲ್ಟಿನ ಪಿನ್ನಿನಲ್ಲಿ ಮಾತ್ರ 12 ಬರಲಿಲ್ಲ ಅಂದರೆ ಪವರ್ ಬೋರ್ಡ್ ದೋಷಿ. ಬದಲಾಗಲೇ ಇಲ್ಲ ಅಂದರೆ ಮೇನ್ ಬೋರ್ಡ್, ಇಲ್ಲವೇ ಬಟನ್ನಿನ ಪುಟ್ಟ ಬೋರ್ಡ್.

ಖಚಿತ ಮಾಡಿಕೊಳ್ಳಲು ಮೇನ್ ಬೋರ್ಡ್ ಬಿಡಿಸಿ, ಸ್ಟ್ಯಾಂಡ್‌ಬೈ 5 ವೋಲ್ಟಿನಿಂದ ಪಿಎಸ್ ಆನ್ ಪಿನ್ನಿಗೆ 1 ಕಿಲೋ ಓಮ್ ರೆಸಿಸ್ಟರ್ ಸೇರಿಸಿ ಪ್ಲಗ್ ಹಾಕಿ. 12 ಬಂದರೆ ಪವರ್ ಬೋರ್ಡ್ ಓಡಬಲ್ಲದು. ರೆಸಿಸ್ಟರ್ ಇಲ್ಲದೆ ಬರೀ ವೈರ್ ಹಾಕಬೇಡಿ, ಪಿನ್ ತಪ್ಪಿದರೆ ಬೋರ್ಡ್ ಸುಡುತ್ತದೆ. ಬರೀ ಅಂಕಿ ನೋಡಿ ತೃಪ್ತಿಪಡಬೇಡಿ, 12 ವೋಲ್ಟಿನ ಒಂದು ಸಣ್ಣ ಬಲ್ಬ್ ಸೇರಿಸಿ. ಹೊರೆ ಬಿದ್ದಾಗ 12 ಇದ್ದದ್ದು 8 ಕ್ಕೆ ಕುಸಿದರೆ ತಣ್ಣನೆ ಬದಿಯ ಕೆಪಾಸಿಟರ್‌ಗಳು ಸೋತಿವೆ.

ಸೋತ ಕೆಪಾಸಿಟರ್‌ಗೆ ಇನ್ನೊಂದು ಲಕ್ಷಣವೂ ಇದೆ. ಮೊದಲು ಟಿವಿ ಎರಡು ಸಲ ಟಕ್ ಟಕ್ ಅಂದು ಏಳುತ್ತದೆ. ವಾರ ಕಳೆದ ಮೇಲೆ ಐದು ಸಲ, ತಿಂಗಳಾದ ಮೇಲೆ ಹತ್ತು ನಿಮಿಷ. ಕೊನೆಗೊಂದು ದಿನ ಏಳುವುದೇ ಇಲ್ಲ. ಇಂಥ ಟಿವಿಯಲ್ಲಿ 1000 ಮೈಕ್ರೋಫ್ಯಾರಡ್, 10 ವೋಲ್ಟಿನ ಕೆಪಾಸಿಟರ್‌ಗಳು ಸಾಲಾಗಿ ಉಬ್ಬಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಬದಲಿಸುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ. ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಲಿ, 10 ಇದ್ದಲ್ಲಿ 16 ಹಾಕಿದರೆ ಒಳ್ಳೆಯದೇ. 105 ಡಿಗ್ರಿಯದು, ಕಡಿಮೆ ಇಎಸ್‌ಆರ್ (ಕೆಪಾಸಿಟರಿನ ಒಳಗಿನ ತಡೆ) ಇರುವುದು ಬೇಕು. ಬಿಸಿ 10 ಡಿಗ್ರಿ ಇಳಿದರೆ ಇವುಗಳ ಆಯಸ್ಸು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಹಾಗಾಗಿ ಜಾಗ ಇದ್ದರೆ ಹೀಟ್‌ಸಿಂಕಿನಿಂದ ಸ್ವಲ್ಪ ದೂರ ಬಾಗಿಸಿ ಕೂರಿಸಿ. ಮೈಮೇಲಿನ ಪಟ್ಟೆ ಮೈನಸ್ ಕಡೆಗೆ. ಉಲ್ಟಾ ಹಾಕಿದರೆ ಸಿಡಿಯುತ್ತದೆ.

ಪವರ್ ಬೋರ್ಡ್ ಸರಿ ಅಂತಾದರೆ ಟೀಕಾನ್‌ಗೆ ಹೋಗುವ ಕೇಬಲ್ಲನ್ನು ಪ್ಲಗ್ ತೆಗೆದು ಬಿಡಿಸಿ, ಮತ್ತೆ ಆನ್ ಮಾಡಿ. ಈಗ ಬ್ಯಾಕ್‌ಲೈಟ್ ಬಂದು ಸದ್ದೂ ಬಂದರೆ ಟೀಕಾನ್ ಅಥವಾ ಪ್ಯಾನೆಲ್ ಶಾರ್ಟ್ ಆಗಿ ಇಡೀ ಟಿವಿಯನ್ನು ಕೆಳಗೆ ಎಳೆಯುತ್ತಿತ್ತು. ಮೇನ್ ಬೋರ್ಡಿನಲ್ಲಿ 5 ಮತ್ತು 12 ರಿಂದ 3.3, 1.8, 1.2 ಹೀಗೆ ಚಿಕ್ಕ ಚಿಕ್ಕ ವೋಲ್ಟೇಜ್ ಮಾಡುವ ರೆಗ್ಯುಲೇಟರ್‌ಗಳಿರುತ್ತವೆ. ಯಾವುದು ಇಲ್ಲ ಅಂತ ಒಂದೊಂದಾಗಿ ಅಳೆಯಿರಿ. ಶಾರ್ಟ್ ಆದ ಚಿಪ್ ಹುಡುಕಲು ಬೋರ್ಡಿನ ಮೇಲೆ ತೆಳ್ಳಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ ಕಡಿಮೆ ವೋಲ್ಟೇಜ್ ಬದಿಗೆ ಮಾತ್ರ ಬೇರೆ ಸಪ್ಲೈಯಿಂದ ಕರೆಂಟ್ ಕೊಡಿ. ಎಲ್ಲಿ ಮೊದಲು ಆರಿ ಒಣಗುತ್ತದೋ ಅದೇ ಬಿಸಿಯಾಗುತ್ತಿರುವ ಚಿಪ್.

ಎರಡು ಸೆಕೆಂಡ್ ಬೆಳಗಿ ಆರಿದರೆ

ಇದು ಹೆಚ್ಚಾಗಿ ಬ್ಯಾಕ್‌ಲೈಟ್. ಪರದೆಯ ಹಿಂದೆ ಎಲ್‌ಇಡಿಗಳ ಪಟ್ಟಿಗಳಿರುತ್ತವೆ. ಒಂದು ಎಲ್‌ಇಡಿಗೆ ಸುಮಾರು 3 ವೋಲ್ಟ್, ಕೆಲವದಕ್ಕೆ 6. ಹಲವಾರು ಸರಣಿಯಲ್ಲಿ ಸೇರಿರುವುದರಿಂದ ಒಂದು ಹೋದರೂ ಸಾಲೇ ಕತ್ತಲು. ಆಗ ಡ್ರೈವರ್ ಕರೆಂಟ್ ಹರಿಸಲು ವೋಲ್ಟೇಜನ್ನು ಏರಿಸುತ್ತ ಹೋಗಿ, ಮಿತಿ ಮುಟ್ಟಿ, ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಬ್ಯಾಕ್‌ಲೈಟ್ ಕನೆಕ್ಟರಿನಲ್ಲಿ ಮೀಟರ್ ಇಟ್ಟರೆ ಅಂಕಿ ಜಿಗಿದು ಬೀಳುವುದು ಕಾಣುತ್ತದೆ. ಅಲ್ಲಿ 100 ವೋಲ್ಟ್ ದಾಟಬಹುದು, ಕೈ ದೂರ ಇಡಿ. ಎಲ್‌ಇಡಿ ಟೆಸ್ಟರ್‌ನಿಂದ ಪ್ಯಾನೆಲ್ ತೆರೆಯದೆಯೇ ಸಾಲು ಹತ್ತುತ್ತದಾ ಅಂತ ನೋಡಬಹುದು.

ಪ್ಯಾನೆಲ್ ತೆರೆಯುವುದು ಈ ಬರಹದಲ್ಲೇ ಅತಿ ಕಷ್ಟದ ಕೆಲಸ. ಪರದೆಯ ಅಂಚಿನ ರಿಬ್ಬನ್‌ಗಳು ಒಂದು ಸಲ ಹರಿದರೆ ಟಿವಿ ಮುಗಿಯಿತು. ಇಬ್ಬರು ಹಿಡಿದು ಎತ್ತಿ. ಒಂದು ಎಲ್‌ಇಡಿ ಹೋಗಿದ್ದರೂ ಪಟ್ಟಿಗಳ ಪೂರ್ತಿ ಸೆಟ್ ಬದಲಿಸಿ, ಉಳಿದವೂ ಅಷ್ಟೇ ಹಳೆಯವು. ಆಮೇಲೆ ಮೆನುವಿನಲ್ಲಿ ಬ್ಯಾಕ್‌ಲೈಟನ್ನು 100 ರಿಂದ 60, 70 ಕ್ಕೆ ಇಳಿಸಿ.

ಲೋಗೋ ಬಂದು ಮತ್ತೆ ಲೋಗೋ ಬರುತ್ತಿದ್ದರೆ ಕರೆಂಟಿನ ದೋಷ ಇರುವ ಸಾಧ್ಯತೆ ಕಡಿಮೆ, ಸಾಫ್ಟ್‌ವೇರ್ ಅಥವಾ ಅದನ್ನು ಹಿಡಿದಿಡುವ ಮೆಮೊರಿ ಚಿಪ್ ನೋಡಬೇಕು. ಹಲವು ಟಿವಿಗಳಲ್ಲಿ ಫ್ಯಾಟ್ 32 ರೂಪದಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಸಾಫ್ಟ್‌ವೇರಿನ ಫೈಲ್ ಹಾಕಿ, ಪವರ್ ಬಟನ್ ಒತ್ತಿ ಹಿಡಿದೇ ಪ್ಲಗ್ ಹಾಕಿದರೆ ಹೊಸ ಸಾಫ್ಟ್‌ವೇರ್ ಕೂರುತ್ತದೆ. ಮಾಡೆಲ್ ಸಂಖ್ಯೆ ಪೂರ್ತಿ, ಕೊನೆಯ ಅಕ್ಷರದವರೆಗೆ ಹೊಂದಬೇಕು. ಬೋರ್ಡ್ ಕೊಳ್ಳುವಾಗಲೂ ಹಾಗೇ. ಒಂದೇ ಮಾಡೆಲ್ ಹೆಸರಿನ ಟಿವಿಗಳಲ್ಲಿ ಬೇರೆ ಬೇರೆ ಪ್ಯಾನೆಲ್ ಇರುವುದರಿಂದ, ಬೋರ್ಡಿನ ಮೇಲಿನ ಸಂಖ್ಯೆ ಮತ್ತು ಪ್ಯಾನೆಲ್ಲಿನ ಚೀಟಿ ಎರಡನ್ನೂ ಫೋಟೋ ತೆಗೆದುಕೊಂಡು ಹೋಗಿ.

ಮುಚ್ಚುವ ಮೊದಲು

ಟಿವಿ ಎದ್ದ ಸಂತೋಷದಲ್ಲಿ ಕೂಡಲೇ ಮುಚ್ಚಬೇಡಿ. ಹಿಂಬದಿಯನ್ನು ಎರಡೇ ತಿರುಪಿನಲ್ಲಿ ನಿಲ್ಲಿಸಿ ಎರಡು ಗಂಟೆ ಓಡಿಸಿ. ಹತ್ತು ಸಲ ಆಫ್ ಮಾಡಿ ಆನ್ ಮಾಡಿ. ಆಮೇಲೆ ಪ್ಲಗ್ ಕಿತ್ತು ರಾತ್ರಿಯಿಡೀ ಬಿಡಿ. ಬಿಸಿಯಾಗಿರುವ ಟಿವಿ ಸುಲಭವಾಗಿ ಏಳುತ್ತದೆ, ಸೋತ ಕೆಪಾಸಿಟರ್ ಇನ್ನೂ ಉಳಿದಿದ್ದರೆ ತಣ್ಣಗಾದ ಮೇಲೆಯೇ ತೋರುವುದು. ಆ 32 ಇಂಚಿನ ಟಿವಿಯನ್ನೂ ಹಾಗೇ ಬಿಟ್ಟಿದ್ದೆ. ಬೆಳಿಗ್ಗೆ ಪ್ಲಗ್ ಹಾಕಿದ ಮೊದಲ ಸಲಕ್ಕೇ ದೀಪ ಬಂತು, 5 ವೋಲ್ಟಿನ ಪಿನ್ನಿನಲ್ಲಿ 5.1 ಅಲುಗದೆ ನಿಂತಿತ್ತು. ಆಮೇಲೆ ಉಳಿದ ತಿರುಪುಗಳನ್ನು ಬಿಗಿದೆ.